ಹೊಸ ಯಂತ್ರ ಕೊಂಡರೂ ಒಡೆಯದ ಪಾರ್ಟಿಶನ್

ಪ್ರಶ್ನೆ: ವಿಜಯಪುರದಲ್ಲಿ ನಾವು ಐದಾರು ಮಂದಿ ಸೇರಿ ಸಣ್ಣ ಕಂಪನಿಯೊಂದನ್ನು ನಡೆಸುತ್ತಿದ್ದೇವೆ. ದ್ರಾಕ್ಷಿ ತೋಟಗಳಲ್ಲಿ ಸೆನ್ಸರ್ ಪೆಟ್ಟಿಗೆಗಳನ್ನು ಕೂರಿಸಿದ್ದೇವೆ. ಎರಡು ಆಳದಲ್ಲಿ ಮಣ್ಣಿನ ತೇವ, ಗಾಳಿಯ ಉಷ್ಣತೆ, ಆರ್ದ್ರತೆ, ಎಲೆಯ ಮೇಲಿನ ಪಸೆ, ಬ್ಯಾಟರಿಯ ವೋಲ್ಟೇಜ್ ಹೀಗೆ ಆರು ಅಂಕಿಗಳು ನಿಮಿಷಕ್ಕೊಮ್ಮೆ ಬರುತ್ತವೆ. ದಿನಕ್ಕೆ ನಾಲ್ಕು ಸಲ ಎಲೆಯ ಫೋಟೊ ಕೂಡ ಬರುತ್ತದೆ. ಒಂದೊಂದು ಸುಮಾರು 200 ಕೆಬಿ. ಒಟ್ಟು 1,200 ಪೆಟ್ಟಿಗೆಗಳಿದ್ದು, 500 ತಿಕೋಟಾ ತಾಲ್ಲೂಕಿನಲ್ಲೇ ಇವೆ. ಉಳಿದವು ವಿಜಯಪುರ, ಬಬಲೇಶ್ವರ, ಇಂಡಿ, ಜಮಖಂಡಿ, ಅಥಣಿ ತಾಲ್ಲೂಕುಗಳಲ್ಲಿವೆ. ಎಲ್ಲವನ್ನೂ ಅಪಾಚೆ ಕಸಾಂಡ್ರ 4.0 ಎಂಬ, ಹಲವು ಯಂತ್ರಗಳ ಮೇಲೆ ಹರಡುವ ಡೇಟಾಬೇಸ್‌ನ ಒಂದೇ ಟೇಬಲ್‌ನಲ್ಲಿ ಇಡುತ್ತೇವೆ. ಸಾಲುಗಳನ್ನು ಗುಂಪು ಮಾಡುವ ಪಾರ್ಟಿಶನ್ ಕೀ ತಾಲ್ಲೂಕಿನ ಹೆಸರು. ಗುಂಪಿನೊಳಗೆ ಸಾಲುಗಳ ಕ್ರಮವನ್ನು ತೀರ್ಮಾನಿಸುವ ಕ್ಲಸ್ಟರಿಂಗ್ ಕಾಲಂಗಳು ಸಮಯ ಮತ್ತು ಪೆಟ್ಟಿಗೆ ಸಂಖ್ಯೆ. ಆರು ಯಂತ್ರಗಳು, ತಲಾ 500 ಜಿಬಿ ಡಿಸ್ಕ್, ಪ್ರತಿ ಸಾಲಿಗೂ ಮೂರು ಪ್ರತಿಗಳು. ಒಂದು ವರ್ಷವಾಗಿದೆ. ಮೂರು ಯಂತ್ರಗಳಲ್ಲಿ ತಲಾ 270 ಜಿಬಿ ತುಂಬಿದೆ, ಇನ್ನು ಮೂರರಲ್ಲಿ 120ರ ಆಸುಪಾಸು. ತುಂಬಿದವುಗಳಲ್ಲಿ ಡಿಸ್ಕ್ ಅರ್ಧದಷ್ಟು ಖಾಲಿ ಇದ್ದರೂ ಫೈಲುಗಳನ್ನು ಒಂದುಗೂಡಿಸುವ ಕಂಪ್ಯಾಕ್ಷನ್‌ಗೆ ಜಾಗವಿಲ್ಲ ಎಂದು ಲಾಗ್ ಹೇಳುತ್ತಿದೆ. ತಿಕೋಟಾದ ಡೇಟಾ ಕೇಳುವ ಕ್ವೆರಿಗಳು ಹೊತ್ತು ಮೀರಿ ಟೈಮ್ಔಟ್ ಆಗುತ್ತಿವೆ. ಇನ್ನೆರಡು ಯಂತ್ರ ಕೊಳ್ಳಬೇಕೆಂದಿದ್ದೇವೆ. ಕಸಾಂಡ್ರದ ಒಂದು ಟೇಬಲ್‌ನಲ್ಲಿ ಎಷ್ಟು ಡೇಟಾ ಹಿಡಿಯುತ್ತದೆ? ಇನ್ನೂರು ಕೋಟಿಯ ಮಿತಿ ಎಂದು ಓದಿದ್ದೇವೆ. ನಾವು ಅದರಿಂದ ದೂರವಿದ್ದೇವೆ ಅಲ್ಲವೇ?

ಉತ್ತರ: ಯಂತ್ರಗಳನ್ನು ಸದ್ಯಕ್ಕೆ ಕೊಳ್ಳಬೇಡಿ. ಕೊಂಡರೂ ತಿಕೋಟಾದ ಡೇಟಾ ಈಗಿನಷ್ಟೇ ಗಾತ್ರದಲ್ಲಿ ಯಾವುದಾದರೂ ಮೂರು ಯಂತ್ರಗಳ ಮೇಲೆಯೇ ಕುಳಿತಿರುತ್ತದೆ. ಇನ್ನೂರು ಕೋಟಿಯಿಂದ ನೀವು ದೂರವೂ ಇಲ್ಲ. ಅದರ ಲೆಕ್ಕ ಮುಂದೆ ಹೇಳುತ್ತೇನೆ. ಆದರೆ ನಿಮ್ಮನ್ನು ಈಗ ಕಟ್ಟಿಹಾಕಿರುವುದು ಆ ಮಿತಿಯಲ್ಲ.

ಮೊದಲು ನೇರ ಪ್ರಶ್ನೆಗೆ ನೇರ ಉತ್ತರ. ಕಸಾಂಡ್ರದಲ್ಲಿ ಟೇಬಲ್‌ಗೆ ಇಂತಿಷ್ಟೇ ಎಂಬ ಮೇಲ್ಮಿತಿ ಇಲ್ಲ. ಯಂತ್ರಗಳನ್ನು ಸೇರಿಸಿದಂತೆ ಟೇಬಲ್ ಬೆಳೆಯುತ್ತದೆ. ಮಿತಿ ಇರುವುದು ಪಾರ್ಟಿಶನ್‌ಗೆ. ಪಾರ್ಟಿಶನ್ ಕೀ ಒಂದೇ ಆಗಿರುವ ಸಾಲುಗಳೆಲ್ಲ ಸೇರಿ ಒಂದು ಪಾರ್ಟಿಶನ್. ಆ ಕೀಯನ್ನು ಮರ್ಮರ್3 ಎಂಬ ಹ್ಯಾಶ್ ಲೆಕ್ಕಕ್ಕೆ ಕೊಟ್ಟಾಗ 64 ಬಿಟ್‌ನ ಒಂದು ಟೋಕನ್ ಸಿಗುತ್ತದೆ, ಆ ಟೋಕನ್ ಯಾವ ಯಂತ್ರದ ಪಾಲಿಗೆ ಬರುತ್ತದೋ ಆ ಯಂತ್ರ ಮತ್ತು ಇನ್ನೆರಡು ಯಂತ್ರಗಳು ಇಡೀ ಪಾರ್ಟಿಶನ್ನನ್ನು ಹೊರುತ್ತವೆ. ‘ತಿಕೋಟಾ’ ಎಂಬ ಪದಕ್ಕೆ ಇವತ್ತೂ ಒಂದೇ ಟೋಕನ್, ನಾಳೆಯೂ ಅದೇ ಟೋಕನ್. ಎಪಿಎಂಸಿಯಲ್ಲಿ ಲಾರಿಗಳನ್ನು ಎಷ್ಟೇ ತಂದು ನಿಲ್ಲಿಸಿದರೂ ಒಂದು ಮೂಟೆ ಒಂದು ಲಾರಿಯಲ್ಲಿಯೇ ಹೋಗಬೇಕು. ಅರ್ಧ ಮೂಟೆಯನ್ನು ಇದರಲ್ಲಿ, ಅರ್ಧವನ್ನು ಅದರಲ್ಲಿ ಹಾಕಲು ಬರುವುದಿಲ್ಲ. ಹೊಸ ಯಂತ್ರಕ್ಕೆ ಆ ಟೋಕನ್ ವರ್ಗವಾದರೆ ಇಡೀ ಪಾರ್ಟಿಶನ್ ನೆಟ್‌ವರ್ಕ್ ಮೇಲೆ ಹರಿದು ಅಲ್ಲಿಗೆ ಹೋಗುತ್ತದೆ. ಹಳೆಯ ಯಂತ್ರದ ಕಷ್ಟ ಹೊಸದಕ್ಕೆ ಬಂತು, ಅಷ್ಟೇ.

ಆರು ತಾಲ್ಲೂಕು, ಆರು ಯಂತ್ರ. ತಲೆಗೊಂದರಂತೆ ಹಂಚಿಕೆಯಾಗುತ್ತದೆ ಎಂದು ಯಾರೋ ಎಣಿಸಿರಬೇಕು ಎಂಬ ಗುಮಾನಿ ನನ್ನದು. ಹ್ಯಾಶ್ ಹಾಗೆ ಸರದಿ ನೋಡಿ ಹಂಚುವುದಿಲ್ಲ. ಕೀಗಳು ಲಕ್ಷಗಟ್ಟಲೆ ಇದ್ದಾಗ ಮಾತ್ರ ಹಂಚಿಕೆ ಸಮವಾಗುತ್ತದೆ. ನಿಮ್ಮ ಇಡೀ ಟೇಬಲ್‌ನಲ್ಲಿರುವುದು ಆರೇ ಆರು ಪಾರ್ಟಿಶನ್‌ಗಳು, ಅದರಲ್ಲೂ ಒಂದು ಉಳಿದವುಗಳಿಗಿಂತ ಹಲವು ಪಟ್ಟು ದಪ್ಪ.

ಈ ಡೇಟಾಬೇಸ್ ಹುಟ್ಟಿದ ಸಂದರ್ಭವನ್ನು ನೋಡಿದರೆ ಕಾರಣ ಬೇಗ ಹೊಳೆಯುತ್ತದೆ. ಫೇಸ್‌ಬುಕ್‌ನಲ್ಲಿ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಇದನ್ನು ಕಟ್ಟಿದ್ದು ಇನ್‌ಬಾಕ್ಸ್‌ನಲ್ಲಿ ಹುಡುಕುವ ಸೌಲಭ್ಯಕ್ಕಾಗಿ. 2008ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಯಿತು. ಡೇಟಾ ಹಂಚುವ ರೀತಿ ಅಮೆಜಾನ್‌ನ ಡೈನಮೊದಿಂದ, ಡಿಸ್ಕ್ ಮೇಲೆ ಬರೆಯುವ ರೀತಿ ಗೂಗಲ್‌ನ ಬಿಗ್‌ಟೇಬಲ್‌ನಿಂದ ಬಂದದ್ದು. ಅಲ್ಲಿ ಕೀ ಆಗಿದ್ದದ್ದು ಬಳಕೆದಾರನ ಗುರುತು. ಬಳಕೆದಾರರು ಕೋಟಿಗಟ್ಟಲೆ, ಒಬ್ಬೊಬ್ಬನ ಹಿಂದಿನ ಡೇಟಾ ಚಿಕ್ಕದು. ಒಳಗಿನ ಎಲ್ಲ ವ್ಯವಸ್ಥೆಯೂ ಈ ಊಹೆಯ ಮೇಲೆ ನಿಂತಿದೆ. ನೀವು ಅದನ್ನು ತಲೆಕೆಳಗು ಮಾಡಿದ್ದೀರಿ: ಕೀ ಬೆರಳೆಣಿಕೆಯಷ್ಟು, ಒಂದೊಂದರ ಹಿಂದೆ ಬೆಟ್ಟದಷ್ಟು ಡೇಟಾ.

ಈಗ ಲೆಕ್ಕ. ಕಾಗದ, ಪೆನ್ಸಿಲ್ ಸಾಕು. ಟೇಬಲ್ ಕಟ್ಟುವ ಮುಂಚೆ ಈ ಲೆಕ್ಕ ಹಾಕುವವರು ಬಹಳ ಕಡಿಮೆ.

ದಿನಕ್ಕೆ 1,440 ನಿಮಿಷ. ತಿಕೋಟಾದ 500 ಪೆಟ್ಟಿಗೆಗಳಿಂದ ದಿನಕ್ಕೆ 7,20,000 ಸಾಲುಗಳು. ವರ್ಷಕ್ಕೆ 26 ಕೋಟಿ 28 ಲಕ್ಷ. ನೀವು ಓದಿದ ಇನ್ನೂರು ಕೋಟಿಯ ಮಿತಿ ಒಂದು ಪಾರ್ಟಿಶನ್‌ನಲ್ಲಿರುವ ಸೆಲ್‌ಗಳಿಗೆ ಸಂಬಂಧಿಸಿದ್ದು, ಸಾಲುಗಳಿಗಲ್ಲ, ಟೇಬಲ್‌ಗಂತೂ ಅಲ್ಲವೇ ಅಲ್ಲ. ಸಾಲಿಗೆ ಆರು ಅಂಕಿ ಎಂದರೆ ಆರು ಸೆಲ್. ದಿನಕ್ಕೆ 43,20,000, ವರ್ಷಕ್ಕೆ 157 ಕೋಟಿಗೂ ಹೆಚ್ಚು. ಮೊದಲ ದಿನದಿಂದಲೂ 500 ಪೆಟ್ಟಿಗೆಗಳಿದ್ದವು ಎಂದು ಹಿಡಿದರೆ, ಇನ್ನು ಮೂರು ನಾಲ್ಕು ತಿಂಗಳಲ್ಲಿ ನೀವು ಗೋಡೆಗೆ ಮುಖ ಕೊಡುತ್ತೀರಿ. ಕೈಪಿಡಿಯಲ್ಲಿರುವ ಈ ಮಿತಿಯನ್ನು ಯಾರೂ ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲಿ ಎಲ್ಲರೂ ಇರುತ್ತಾರೆ. ನಿಮ್ಮದು ಅದನ್ನು ಮುಟ್ಟಬಲ್ಲ ಅಪರೂಪದ ಟೇಬಲ್.

ಇನ್ನು ಬೈಟ್‌ಗಳ ಲೆಕ್ಕ. ಆರು ಅಂಕಿ, ಸಮಯ, ಪೆಟ್ಟಿಗೆ ಸಂಖ್ಯೆ ಎಲ್ಲ ಸೇರಿ ಸಂಕುಚನದ ನಂತರ ಸಾಲಿಗೆ 60 ಬೈಟ್ ಎಂದುಕೊಳ್ಳಿ. ತಿಕೋಟಾಕ್ಕೆ ದಿನಕ್ಕೆ 43 ಎಂಬಿ, ವರ್ಷಕ್ಕೆ 16 ಜಿಬಿ. ಫೋಟೊಗಳು? ಐನೂರು ಪೆಟ್ಟಿಗೆ, ದಿನಕ್ಕೆ ನಾಲ್ಕು, ತಲಾ 200 ಕೆಬಿ: ದಿನಕ್ಕೆ 400 ಎಂಬಿ, ವರ್ಷಕ್ಕೆ 146 ಜಿಬಿ. ಎರಡೂ ಸೇರಿ ಒಂದು ಪಾರ್ಟಿಶನ್ 162 ಜಿಬಿ. ಎಲ್ಲ ತಾಲ್ಲೂಕುಗಳನ್ನು ಇದೇ ಪ್ರಮಾಣದಲ್ಲಿ ಲೆಕ್ಕ ಹಾಕಿ, ಮೂರು ಪ್ರತಿಯಿಂದ ಗುಣಿಸಿದರೆ ಸುಮಾರು 1,165 ಜಿಬಿ. ನಿಮ್ಮ ಯಂತ್ರಗಳಲ್ಲಿ ತುಂಬಿರುವುದನ್ನು ಕೂಡಿಸಿ ನೋಡಿ, 1,170. ಅಂದರೆ ಊಹೆಗಳು ದಾರಿ ತಪ್ಪಿಲ್ಲ.

ಹಾಗಾದರೆ ನಿಮ್ಮಲ್ಲಿರುವುದು ಒಂದು ರೋಗವಲ್ಲ, ಎರಡು. ಡಿಸ್ಕ್ ತಿನ್ನುತ್ತಿರುವುದು ಫೋಟೊಗಳು, ಹತ್ತರಲ್ಲಿ ಒಂಬತ್ತು ಪಾಲು. ಕ್ವೆರಿಗಳನ್ನು ಸಾಯಿಸುತ್ತಿರುವುದು ಪಾರ್ಟಿಶನ್ನಿನ ಗಾತ್ರ. ಎರಡನ್ನೂ ಬೇರೆ ಬೇರೆ ಮದ್ದಿನಿಂದಲೇ ವಾಸಿ ಮಾಡಬೇಕು.

ವ್ಯವಹಾರದಲ್ಲಿ ನಡೆಯುವ ಮಿತಿ ಇನ್ನೂರು ಕೋಟಿಗಿಂತ ಬಹಳ ಕೆಳಗಿದೆ. ಒಂದು ಪಾರ್ಟಿಶನ್ 100 ಎಂಬಿ ದಾಟದಿರಲಿ, ಸಾಲುಗಳು ಒಂದು ಲಕ್ಷದ ಆಸುಪಾಸಿನಲ್ಲಿರಲಿ ಎಂಬುದು ಈ ಕಸುಬಿನವರು ಪಾಲಿಸಿಕೊಂಡು ಬಂದ ಅಂದಾಜು. ಕಸಾಂಡ್ರದ ಹೊಸ ಆವೃತ್ತಿಗಳು ಇದಕ್ಕಿಂತ ದೊಡ್ಡದನ್ನೂ ತಾಳಿಕೊಳ್ಳುತ್ತವೆ, ಆದರೆ 162 ಜಿಬಿಯನ್ನಲ್ಲ. 100 ಎಂಬಿ ದಾಟಿದ ಪಾರ್ಟಿಶನ್ನನ್ನು ಕಂಪ್ಯಾಕ್ಷನ್ ಬರೆಯುವಾಗ ‘ರೈಟಿಂಗ್ ಲಾರ್ಜ್ ಪಾರ್ಟಿಶನ್’ ಎಂಬ ಎಚ್ಚರಿಕೆ ಲಾಗ್‌ನಲ್ಲಿ ಬೀಳುತ್ತದೆ. ನಿಮ್ಮ ಸಿಸ್ಟಮ್ ಲಾಗ್‌ನಲ್ಲಿ ಅದನ್ನು ಹುಡುಕಿ ನೋಡಿ. ಟೇಬಲ್ ಕಟ್ಟಿದ ಮೊದಲ ವಾರದಿಂದಲೇ ಅದು ಕೂಗುತ್ತಿರಬೇಕು. ‘ನೋಡ್‌ಟೂಲ್ ಟೇಬಲ್‌ಸ್ಟ್ಯಾಟ್ಸ್’ ಎಂಬ ಆಜ್ಞೆ ಓಡಿಸಿದರೆ ಅತಿ ದೊಡ್ಡ ಪಾರ್ಟಿಶನ್ ಎಷ್ಟು ಬೈಟ್ ಎಂಬುದೂ ಸಿಗುತ್ತದೆ.

ದೊಡ್ಡ ಪಾರ್ಟಿಶನ್ ಎಲ್ಲೆಲ್ಲಿ ಕಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ನಿಮ್ಮ ಕಷ್ಟ ಕಾಣುತ್ತಿರುವುದು ಒಂದು ಕಡೆ, ಅದರ ಬೇರು ಇರುವುದು ಇನ್ನೊಂದು ಕಡೆ.

ಕಸಾಂಡ್ರ ಹಳೆಯ ಫೈಲನ್ನು ತಿದ್ದುವುದಿಲ್ಲ. ಬಂದ ಡೇಟಾವನ್ನು ಮೆಮೊರಿಯಲ್ಲಿ ಕೂಡಿಹಾಕಿ, ತುಂಬಿದಾಗ ಎಸ್‌ಎಸ್‌ಟೇಬಲ್ ಎಂಬ ಹೊಸ ಫೈಲಾಗಿ ಡಿಸ್ಕ್‌ಗೆ ಇಳಿಸುತ್ತದೆ. ಹೀಗೆ ಇಳಿದ ಫೈಲುಗಳನ್ನು ಆಗಾಗ ಒಂದುಗೂಡಿಸುವ ಕೆಲಸವೇ ಕಂಪ್ಯಾಕ್ಷನ್. ನೀವು ಏನನ್ನೂ ಆಯ್ಕೆ ಮಾಡದಿದ್ದರೆ ನಡೆಯುವುದು ಗಾತ್ರ ನೋಡಿ ಒಂದುಗೂಡಿಸುವ ಹಳೆಯ ವಿಧಾನ. ಒಂದುಗೂಡಿದ ಹೊಸ ಫೈಲು ಪೂರ್ತಿಯಾಗುವವರೆಗೂ ಹಳೆಯವು ಡಿಸ್ಕ್‌ನಲ್ಲಿಯೇ ಇರುತ್ತವೆ. ಹೀಗಾಗಿ ದೊಡ್ಡ ಫೈಲುಗಳ ಸರದಿ ಬಂದಾಗ ಟೇಬಲ್‌ನಷ್ಟೇ ಇನ್ನೊಂದು ಖಾಲಿ ಜಾಗ ಬೇಕಾಗಬಹುದು. 270 ಜಿಬಿ ಇರುವ ಯಂತ್ರದಲ್ಲಿ ಉಳಿದಿರುವುದು 230. ‘ಅರ್ಧದಷ್ಟು ಖಾಲಿ ಇದ್ದರೂ ಜಾಗವಿಲ್ಲ’ ಎಂಬ ನಿಮ್ಮ ಒಗಟಿಗೆ ಉತ್ತರ ಇಷ್ಟೇ. 500 ಜಿಬಿ ಡಿಸ್ಕ್‌ನಲ್ಲಿ ಈ ವಿಧಾನವನ್ನು ನಡೆಸುವವನು ತನ್ನ ಬಳಿ 250 ಇದೆ ಎಂದುಕೊಂಡೇ ಬಾಳುವೆ ಮಾಡಬೇಕು.

ಅದಕ್ಕಿಂತ ಮುಖ್ಯವಾದದ್ದು, ಆದರೆ ಯಾರೂ ಗಮನಿಸದ್ದು ರಿಪೇರ್. ಮೂರು ಪ್ರತಿಗಳು ಒಂದೇ ಆಗಿವೆಯೇ ಎಂದು ತಾಳೆ ನೋಡಲು ಕಸಾಂಡ್ರ ಮರ್ಕಲ್ ಟ್ರೀ ಎಂಬ ಹ್ಯಾಶ್‌ಗಳ ಮರವನ್ನು ಕಟ್ಟುತ್ತದೆ. ಆ ಮರಕ್ಕೆ ಪಾರ್ಟಿಶನ್‌ಗಿಂತ ಸಣ್ಣದು ಕಾಣುವುದಿಲ್ಲ. ವಿದ್ಯುತ್ ಹೋಗಿ ಒಂದು ಯಂತ್ರ ಹತ್ತು ನಿಮಿಷ ಬಿದ್ದಿತ್ತು, ತಿಕೋಟಾದ ಒಂದೇ ಒಂದು ಸಾಲು ಅದರಲ್ಲಿ ತಪ್ಪಿಹೋಯಿತು ಎಂದುಕೊಳ್ಳಿ. ಆ ಒಂದು ಸಾಲಿಗಾಗಿ ಇಡೀ 162 ಜಿಬಿ ಪಾರ್ಟಿಶನ್ ಒಂದು ಯಂತ್ರದಿಂದ ಇನ್ನೊಂದಕ್ಕೆ ಹರಿಯುತ್ತದೆ. ಬಂದದ್ದು ಹೊಸ ಫೈಲಾಗಿ ಡಿಸ್ಕ್ ಮೇಲೆ ಕೂರುತ್ತದೆ, ಅದನ್ನು ಒಂದುಗೂಡಿಸಲು ಮತ್ತೆ ಕಂಪ್ಯಾಕ್ಷನ್, ಮತ್ತೆ ಜಾಗದ ಕೊರತೆ. ನೀವು ರಿಪೇರ್ ನಡೆಸುತ್ತಿದ್ದೀರೋ ಇಲ್ಲವೋ ಬರೆದಿಲ್ಲ. ಈ ಟೇಬಲ್ ಮೇಲಂತೂ ಸದ್ಯಕ್ಕೆ ನಡೆಸಬೇಡಿ.

ಬರಹದ ಹೊರೆಯೂ ಓರೆಯಾಗಿದೆ: ಕಂಪನಿಯ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಬರಹ ಒಂದೇ ಕೀ ಮೇಲೆ, ಮೂರೇ ಯಂತ್ರಗಳ ಮೇಲೆ ಬೀಳುತ್ತದೆ. ಉಳಿದ ಮೂರು ಯಂತ್ರಗಳು ಆರಾಮವಾಗಿವೆ.

ಬೇರೆ ಡೇಟಾಬೇಸ್‌ಗೆ ಹೋದರೆ ತಪ್ಪೀತೇ ಎಂದು ಕೇಳುವವರಿದ್ದಾರೆ. ಹಂಚಿಕೆಯ ಡೇಟಾಬೇಸ್‌ಗಳಲ್ಲೆಲ್ಲ ಒಡೆಯದ ಒಂದು ಘಟಕ ಇದ್ದೇ ಇರುತ್ತದೆ, ಹೆಸರು ಮಾತ್ರ ಬೇರೆ. ಗೂಗಲ್ ಕ್ಲೌಡ್‌ನ ಬಿಗ್‌ಟೇಬಲ್‌ನಲ್ಲಿ ಒಂದು ಸಾಲು 256 ಎಂಬಿ ದಾಟುವಂತಿಲ್ಲ. ಅಮೆಜಾನ್‌ನ ಡೈನಮೊಡಿಬಿಯಲ್ಲಿ ಒಂದು ಐಟಂ 400 ಕೆಬಿ ದಾಟುವಂತಿಲ್ಲ, ಒಂದು ಪಾರ್ಟಿಶನ್ ಸೆಕೆಂಡಿಗೆ 1,000 ಬರಹ ಯೂನಿಟ್‌ಗಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಅವು ಮಿತಿ ಮುಟ್ಟಿದ ಕೂಡಲೇ ಮುಖಕ್ಕೆ ಹೊಡೆದಂತೆ ಹೇಳುತ್ತವೆ; ಕಸಾಂಡ್ರ ಒಂದು ವರ್ಷ ಲಾಗ್‌ನಲ್ಲಿ ಮಾತ್ರ ಗೊಣಗಿ ಆಮೇಲೆ ಕೈಕೊಡುತ್ತದೆ. ಯಾವುದು ಮೇಲು ಎಂದರೆ ನಾನು ಮೊದಲನೆಯದಕ್ಕೇ ಮತ ಹಾಕುತ್ತೇನೆ.

ಟೇಬಲ್ ಕಟ್ಟುವ ಕೆಲಸಕ್ಕೆ ಬರೋಣ. ಇಲ್ಲಿ ಟೇಬಲ್ ಹುಟ್ಟುವುದು ಡೇಟಾದಿಂದಲ್ಲ, ಕೇಳುವ ಪ್ರಶ್ನೆಯಿಂದ. ನಿಮ್ಮಲ್ಲಿ ಯಾರು ಏನು ಕೇಳುತ್ತಾರೆ? ರೈತ ತನ್ನ ಮೊಬೈಲ್‌ನಲ್ಲಿ ತನ್ನ ತೋಟದ ಕಳೆದ 24 ಗಂಟೆಯ ಗ್ರಾಫ್ ನೋಡುತ್ತಾನೆ. ನಿಮ್ಮ ಬೆಳೆ ಸಲಹೆಗಾರರು ಅಕ್ಟೋಬರ್ ಚಾಟ್ನಿಯಿಂದ (ಬಳ್ಳಿ ಸವರುವುದರಿಂದ) ಕಟಾವಿನವರೆಗೆ ಒಂದು ತೋಟದ ಕಥೆಯನ್ನು ಕೇಳುತ್ತಾರೆ. ಕಚೇರಿಯಲ್ಲಿ ಕುಳಿತವರು ಒಂದು ತಾಲ್ಲೂಕಿನ ಎಲ್ಲ ಪೆಟ್ಟಿಗೆಗಳ ಈ ಹೊತ್ತಿನ ಸ್ಥಿತಿ ನೋಡಬೇಕು. ಯಾವುದು ಸತ್ತಿದೆ, ಯಾವುದರ ಬ್ಯಾಟರಿ ಇಳಿದಿದೆ ಎಂದು. ಮಳೆ, ಮಂಜು ಬಿದ್ದ ದಿನ ಯಾವ ಯಾವ ತೋಟದಲ್ಲಿ ಬೂಜು ತುಪ್ಪಟ ರೋಗಕ್ಕೆ ವಾತಾವರಣ ಹದವಾಗಿದೆ ಎಂದು ತಾಲ್ಲೂಕುವಾರು ಪಟ್ಟಿ ಬೇಕು. ನಾಲ್ಕು ಪ್ರಶ್ನೆಗಳು. ಮೊದಲ ಎರಡಕ್ಕೆ ಒಂದು ಟೇಬಲ್ ಸಾಕು, ಉಳಿದವಕ್ಕೆ ಒಂದೊಂದು ಬೇಕು.

ಮೊದಲ ಟೇಬಲ್‌ನ ಪಾರ್ಟಿಶನ್ ಕೀ ಪೆಟ್ಟಿಗೆ ಸಂಖ್ಯೆ ಮತ್ತು ತಿಂಗಳು, ಎರಡೂ ಸೇರಿ. ಕ್ಲಸ್ಟರಿಂಗ್ ಕಾಲಂ ಸಮಯ, ಇತ್ತೀಚಿನದು ಮೊದಲು ಬರುವಂತೆ ಇಳಿಕೆಯ ಕ್ರಮದಲ್ಲಿ. ಒಂದು ಪೆಟ್ಟಿಗೆಗೆ ತಿಂಗಳಿಗೆ 43,200 ಸಾಲುಗಳು, ಸುಮಾರು 2.6 ಎಂಬಿ. ದಿನಕ್ಕೊಂದು ಪಾರ್ಟಿಶನ್ ಮಾಡಬಾರದೇ ಎಂದರೆ ಮಾಡಬಹುದು, 86 ಕೆಬಿ ಆಗುತ್ತದೆ; ಆದರೆ ಸಲಹೆಗಾರರು ಚಾಟ್ನಿಯಿಂದ ಕಟಾವಿನವರೆಗೆ ಕೇಳಿದಾಗ ನೂರಕ್ಕೂ ಹೆಚ್ಚು ಪಾರ್ಟಿಶನ್‌ಗಳನ್ನು ತಟ್ಟಬೇಕಾಗುತ್ತದೆ. ವರ್ಷಕ್ಕೊಂದು ಮಾಡಿದರೆ ಗಾತ್ರ 32 ಎಂಬಿಯೊಳಗೇ ಇರುತ್ತದೆ ನಿಜ, ಸಾಲುಗಳು ಮಾತ್ರ ಐದು ಲಕ್ಷ ದಾಟುತ್ತವೆ. ನಾಳೆ ನಿಮಿಷಕ್ಕೊಮ್ಮೆ ಇದ್ದದ್ದು ಹತ್ತು ಸೆಕೆಂಡಿಗೊಮ್ಮೆ ಆದರೆ ಆರು ಪಟ್ಟು ಆಗಿ ಮತ್ತೆ ಇದೇ ರಾಮಾಯಣ. ತಿಂಗಳು ಎರಡಕ್ಕೂ ಹೊಂದುತ್ತದೆ: ರೈತನ 24 ಗಂಟೆಗೆ ಒಂದು ಪಾರ್ಟಿಶನ್, ತಿಂಗಳ ಮೊದಲ ದಿನ ಮಾತ್ರ ಎರಡು, ಸಲಹೆಗಾರರಿಗೆ ಐದಾರು. ಆ ಐದಾರನ್ನು ‘ಇನ್’ ಹಾಕಿ ಒಂದೇ ಕ್ವೆರಿಯಲ್ಲಿ ಕೇಳಬೇಡಿ, ಐದಾರು ಕ್ವೆರಿಗಳನ್ನು ಒಟ್ಟಿಗೆ ಬಿಟ್ಟು ಉತ್ತರಗಳನ್ನು ನಿಮ್ಮ ಕೋಡ್‌ನಲ್ಲಿ ಜೋಡಿಸಿಕೊಳ್ಳಿ.

ಈಗ 1,200 ಪೆಟ್ಟಿಗೆಗಳು ವರ್ಷಕ್ಕೆ 14,400 ಪಾರ್ಟಿಶನ್‌ಗಳನ್ನು ಕೊಡುತ್ತವೆ. ಆರು ಯಂತ್ರಗಳ ನಡುವೆ ಹೊರೆ ತಾನಾಗಿಯೇ ಸರಿಹೋಗುತ್ತದೆ. ಮುಂದೆ ನಿಜವಾಗಿಯೂ ಯಂತ್ರ ಸೇರಿಸಬೇಕಾಗಿ ಬಂದರೆ ಆಗ ಅದಕ್ಕೆ ಪಾಲು ಸಿಗುತ್ತದೆ.

ತಿಂಗಳನ್ನು ಲೆಕ್ಕ ಹಾಕುವ ಕಡೆ ಒಂದು ಹಳ್ಳ ಇದೆ. ಭಾರತೀಯ ಕಾಲಮಾನ ಯುಟಿಸಿ ಎಂಬ ಜಾಗತಿಕ ಕಾಲಮಾನಕ್ಕಿಂತ ಐದೂವರೆ ಗಂಟೆ ಮುಂದೆ. ಬರೆಯುವ ಪ್ರೋಗ್ರಾಂ ಯುಟಿಸಿಯಂತೆ ತಿಂಗಳು ತೆಗೆದು, ಓದುವ ಆ್ಯಪ್ ನಮ್ಮ ಕಾಲಮಾನದಂತೆ ತೆಗೆದರೆ, ನವೆಂಬರ್ 1ರ ಮಧ್ಯರಾತ್ರಿಯಿಂದ ಬೆಳಿಗ್ಗೆ 5.30ರವರೆಗಿನ 330 ಸಾಲುಗಳು ಅಕ್ಟೋಬರ್ ಪಾರ್ಟಿಶನ್ನಿಗೆ ಹೋಗಿ ಕುಳಿತಿರುತ್ತವೆ, ಆ್ಯಪ್ ಅವನ್ನು ನವೆಂಬರ್‌ನಲ್ಲಿ ಹುಡುಕಿ ಸಿಗಲಿಲ್ಲ ಎನ್ನುತ್ತದೆ. ತಪ್ಪು ತೋರಿಸುವ ಎರರ್ ಎಲ್ಲೂ ಬರುವುದಿಲ್ಲ. ಅದೂ ಯಾವ ಹೊತ್ತು? ಎಲೆಯ ಮೇಲೆ ಇಬ್ಬನಿ ಕೂರುವ ಹೊತ್ತು. ದ್ರಾಕ್ಷಿ ಬೆಳೆಗಾರನಿಗೆ ಇಡೀ ದಿನದಲ್ಲಿ ಅದಕ್ಕಿಂತ ಬೆಲೆಯುಳ್ಳ ಅಂಕಿ ಇನ್ನೊಂದಿಲ್ಲ. ತಿಂಗಳು ತೆಗೆಯುವ ಕೋಡನ್ನು ಒಂದೇ ಕಡೆ ಬರೆದು, ಬರೆಯುವವರೂ ಓದುವವರೂ ಅದನ್ನೇ ಕರೆಯಬೇಕು.

ಎರಡನೆಯ ಟೇಬಲ್, ಈ ಹೊತ್ತಿನ ಸ್ಥಿತಿಗೆ. ಇಲ್ಲಿ ಪಾರ್ಟಿಶನ್ ಕೀ ತಾಲ್ಲೂಕೇ ಇರಲಿ, ಕ್ಲಸ್ಟರಿಂಗ್ ಕಾಲಂ ಪೆಟ್ಟಿಗೆ ಸಂಖ್ಯೆ. ಸಮಯ ಕೀಯಲ್ಲಿ ಇಲ್ಲ, ಸಾಮಾನ್ಯ ಕಾಲಂ. ಹೊಸ ಅಂಕಿ ಬಂದಾಗ ಹಳೆಯದರ ಮೇಲೆಯೇ ಬರೆಯುತ್ತದೆ. ತಿಕೋಟಾಕ್ಕೆ ಯಾವತ್ತಿಗೂ 500 ಸಾಲುಗಳೇ. ತಾಲ್ಲೂಕಿನ ಹೆಸರನ್ನು ಕೀ ಮಾಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ, ಅದರ ಹಿಂದೆ ಕೊನೆಯಿಲ್ಲದೆ ಬೆಳೆಯುವ ಸಮಯವನ್ನು ಕಟ್ಟಿದ್ದು ತಪ್ಪು.

ಮೂರನೆಯದು ರೋಗದ ಪಟ್ಟಿಗೆ: ತಾಲ್ಲೂಕು ಮತ್ತು ದಿನಾಂಕ ಸೇರಿ ಪಾರ್ಟಿಶನ್ ಕೀ, ಒಳಗೆ ಗಂಟೆ ಮತ್ತು ಪೆಟ್ಟಿಗೆ ಸಂಖ್ಯೆ. ನಿಮಿಷದ ಅಂಕಿಗಳಲ್ಲ, ಗಂಟೆಯ ಸರಾಸರಿ ಮತ್ತು ಎಲೆ ಒದ್ದೆಯಿದ್ದ ನಿಮಿಷಗಳು. ತಿಕೋಟಾಕ್ಕೆ ದಿನಕ್ಕೆ 12,000 ಸಾಲುಗಳು. ಒಂದೇ ಅಂಕಿಯನ್ನು ಮೂರು ಕಡೆ ಬರೆಯುವುದು ಪೋಲಲ್ಲವೇ ಎಂದು ರಿಲೇಶನಲ್ ಡೇಟಾಬೇಸ್‌ನಲ್ಲಿ ಪಳಗಿದವರಿಗೆ ಕೈ ತಡೆಯುತ್ತದೆ. ಈ ಎರಡು ಟೇಬಲ್‌ಗಳು ತಿನ್ನುವ ಜಾಗ ನಿಮ್ಮ ಫೋಟೊಗಳ ಮುಂದೆ ಲೆಕ್ಕಕ್ಕಿಲ್ಲ. ಮೂರೂ ಬರಹಗಳನ್ನು ಒಂದು ಬ್ಯಾಚ್‌ನಲ್ಲಿ ಕಟ್ಟಲು ಹೋಗಬೇಡಿ. ಬೇರೆ ಬೇರೆ ಪಾರ್ಟಿಶನ್‌ಗಳನ್ನು ಕಟ್ಟಿದ ಬ್ಯಾಚ್ ವೇಗ ಕೊಡುವುದಿಲ್ಲ, ಯಂತ್ರವೊಂದನ್ನು ಸುಸ್ತು ಮಾಡುತ್ತದೆ. ಕಸಾಂಡ್ರ 5 ಕೆಬಿ ದಾಟಿದ ಬ್ಯಾಚ್‌ಗೆ ಗೊಣಗುತ್ತದೆ, 50 ಕೆಬಿ ದಾಟಿದರೆ ತಿರಸ್ಕರಿಸುತ್ತದೆ. ಟೇಬಲ್‌ಗಳನ್ನು ಸೇರಿಸುವುದಕ್ಕೂ ಒಂದು ಅಳತೆ ಇರಲಿ: ಪ್ರತಿ ಟೇಬಲ್‌ಗೂ ಮೆಮೊರಿಯ ಖರ್ಚಿದೆ, ಕ್ಲಸ್ಟರ್ ಒಂದರಲ್ಲಿ ಇನ್ನೂರರೊಳಗೆ ಇರುವುದು ಕ್ಷೇಮ. ರೈತನಿಗೊಂದು ಟೇಬಲ್ ಮಾಡೋಣ ಎಂಬ ಯೋಚನೆ ಯಾರಿಗಾದರೂ ಬಂದರೆ ಬೇಡ ಎನ್ನಿ.

ಫೋಟೊಗಳು ಡೇಟಾಬೇಸ್‌ನಿಂದ ಹೊರಗೆ ಹೋಗಬೇಕು. ಒಂದು ಸೆಲ್‌ನಲ್ಲಿ 2 ಜಿಬಿವರೆಗೆ ಇಡಬಹುದು ಎಂದು ಕೈಪಿಡಿ ಹೇಳುತ್ತದೆ, ಅದೇ ಕೈಪಿಡಿ ಒಂದು ಎಂಬಿಯೊಳಗೆ ಇಡಿ ಎಂದೂ ಹೇಳುತ್ತದೆ. ನಿಮ್ಮ 200 ಕೆಬಿ ಅದರೊಳಗೇ ಇದೆ, ಹಾಗಾಗಿ ನಿಯಮ ಮುರಿದಿಲ್ಲ. ಆದರೆ ಜೆಪೆಗ್ ಚಿತ್ರ ಮೊದಲೇ ಸಂಕುಚನಗೊಂಡದ್ದು, ಕಸಾಂಡ್ರದ ಸಂಕುಚನ ವಿಧಾನವಾದ ಎಲ್‌ಝಡ್4ಗೆ ಅಲ್ಲಿ ಹಿಂಡಲು ಏನೂ ಉಳಿದಿರುವುದಿಲ್ಲ. ಬರೆದ ಮೇಲೆ ಎಂದೂ ಬದಲಾಗದ ಈ ಚಿತ್ರಗಳನ್ನು ಪ್ರತಿ ಕಂಪ್ಯಾಕ್ಷನ್ ಓದಿ ಮತ್ತೆ ಬರೆಯುತ್ತದೆ. ವರ್ಷಕ್ಕೆ 350 ಜಿಬಿ ಚಿತ್ರ, ಮೂರು ಪ್ರತಿಯಾಗಿ ಒಂದು ಟಿಬಿಗೂ ಹೆಚ್ಚು, ಅದರ ಮೇಲೆ ಈ ಮರುಬರಹ. ಫೈಲುಗಳನ್ನು ಇಡಿಯಾಗಿ ಇಡುವ ಆಬ್ಜೆಕ್ಟ್ ಸ್ಟೋರೇಜ್ ಯಾವುದಾದರೂ ಆಗಲಿ, ಕ್ಲೌಡ್‌ನದ್ದೋ ನೀವೇ ನಡೆಸುವ ಮಿನಿಯೊ ತರಹದ್ದೋ, ಚಿತ್ರ ಅಲ್ಲಿರಲಿ. ಟೇಬಲ್‌ನಲ್ಲಿ ಅದರ ವಿಳಾಸ, ಗಾತ್ರ ಮತ್ತು ಚಿತ್ರ ಕೆಟ್ಟಿಲ್ಲವೆಂದು ತಾಳೆ ನೋಡುವ ಚೆಕ್‌ಸಮ್ ಇದ್ದರೆ ಸಾಕು. ಮೊದಲು ಚಿತ್ರ ಇಟ್ಟು, ಆಮೇಲೆ ಸಾಲು ಬರೆಯಿರಿ. ಉಲ್ಟಾ ಮಾಡಿದರೆ ಇಲ್ಲದ ಚಿತ್ರಕ್ಕೆ ವಿಳಾಸ ಸಿಗುತ್ತದೆ.

ಅಂಕಿಗಳನ್ನು ಎಷ್ಟು ಕಾಲ ಇಡಬೇಕು ಎಂದು ಈಗಲೇ ತೀರ್ಮಾನಿಸಿ. ನಿಮಿಷದ ಅಂಕಿಗಳು ಎರಡು ವರ್ಷ ಸಾಕು ಎಂದರೆ, ಟೇಬಲ್ ಹುಟ್ಟುವಾಗಲೇ ಆಯುಸ್ಸನ್ನು 63,072,000 ಸೆಕೆಂಡ್ ಎಂದು ಕೊಡಿ. ಕಂಪ್ಯಾಕ್ಷನ್‌ಗೆ ಟೈಮ್ ವಿಂಡೋ ವಿಧಾನವನ್ನು ಆರಿಸಿ, ಕಿಟಕಿ 30 ದಿನ. ಆಗ ಒಂದೊಂದು ಕಿಟಕಿಯ ಡೇಟಾ ತನ್ನದೇ ಫೈಲಿನಲ್ಲಿರುತ್ತದೆ, ಒಟ್ಟು ಸುಮಾರು 24 ಕಿಟಕಿಗಳು. ಆಯುಸ್ಸು ಮುಗಿದ ಕಿಟಕಿಯ ಫೈಲನ್ನು ಇಡಿಯಾಗಿ ಎಸೆಯುತ್ತದೆ. ಹಳೆಯ ಕಿಟಕಿಗಳನ್ನು ಮತ್ತೆ ಮತ್ತೆ ಒಂದುಗೂಡಿಸುವ ಕೆಲಸ ಇಲ್ಲ, ಡಿಸ್ಕ್‌ನ ಅರ್ಧ ಖಾಲಿ ಬಿಡುವ ಹಂಗೂ ಇಲ್ಲ. ಈ ವಿಧಾನ ಕೇಳುವುದು ಇಷ್ಟೇ: ನಡುವೆ ಕೈಹಾಕಿ ಸಾಲುಗಳನ್ನು ಅಳಿಸಬೇಡಿ, ತಿದ್ದಬೇಡಿ. ಆಯುಸ್ಸನ್ನು ಆಮೇಲೆ ಬದಲಿಸಿದರೆ ಅದು ಮುಂದೆ ಬರುವ ಸಾಲುಗಳಿಗೆ ಮಾತ್ರ ಅನ್ವಯಿಸುತ್ತದೆ, ಇರುವವಕ್ಕಲ್ಲ. ಸಿಗ್ನಲ್ ಸಿಗದ ತೋಟದ ಪೆಟ್ಟಿಗೆ ಎರಡು ದಿನದ ಅಂಕಿಗಳನ್ನು ಒಟ್ಟಿಗೆ ಕಳುಹಿಸಿದರೆ ಚಿಂತೆಯಿಲ್ಲ; ಕಿಟಕಿಯ ಲೆಕ್ಕ ನಡೆಯುವುದು ಡೇಟಾಬೇಸ್ ಬರೆದ ಹೊತ್ತಿನಿಂದ.

ಸೆನ್ಸರ್ ಕೆಟ್ಟು ಒಂದು ಅಂಕಿ ಬರದಿದ್ದಾಗ ನಿಮ್ಮ ಪ್ರೋಗ್ರಾಂ ಆ ಕಾಲಂಗೆ ‘ನಲ್’ ಬರೆಯುತ್ತದೆಯೇ ನೋಡಿ. ಕಸಾಂಡ್ರದಲ್ಲಿ ನಲ್ ಬರೆಯುವುದೆಂದರೆ ಅಳಿಸುವುದು. ಪ್ರತಿ ನಲ್‌ಗೂ ಟೂಂಬ್‌ಸ್ಟೋನ್ ಎಂಬ ಗುರುತು ಡಿಸ್ಕ್‌ನಲ್ಲಿ ಉಳಿಯುತ್ತದೆ. ಎಲೆಯ ಪಸೆಯ ಸೆನ್ಸರ್ ಒಂದು ದಿನ ಕೆಟ್ಟರೆ 1,440 ಟೂಂಬ್‌ಸ್ಟೋನ್. ಒಂದು ಕ್ವೆರಿ 1,000 ಟೂಂಬ್‌ಸ್ಟೋನ್ ದಾಟಿ ಓದಿದರೆ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ, ಒಂದು ಲಕ್ಷ ದಾಟಿದರೆ ಕ್ವೆರಿಯನ್ನೇ ಕೈಬಿಡುತ್ತದೆ. ಬಾರದ ಅಂಕಿಯ ಕಾಲಂ ಅನ್ನು ಬರೆಯಲೇಬೇಡಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ನಲ್ಲಿ ಅದನ್ನು ಕಟ್ಟದೆ ಬಿಡಲು ಪ್ರೋಗ್ರಾಂ ಅನ್ನು ಡೇಟಾಬೇಸ್‌ಗೆ ಜೋಡಿಸುವ ಈಗಿನ ಡ್ರೈವರ್‌ಗಳು ಅವಕಾಶ ಕೊಡುತ್ತವೆ.

ನೀವು ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. 1,200 ಪೆಟ್ಟಿಗೆ, ನಿಮಿಷಕ್ಕೊಂದು ಸಾಲು: ಸೆಕೆಂಡಿಗೆ 20 ಬರಹ. ಫೋಟೊ ಹೊರಗೆ ಹೋದ ಮೇಲೆ ವರ್ಷಕ್ಕೆ ಒಂದು ಪ್ರತಿಯಲ್ಲಿ 38 ಜಿಬಿ. ಇದನ್ನು ಒಂದೇ ಯಂತ್ರದ ಮೇಲಿನ ಪೋಸ್ಟ್‌ಗ್ರೆಸ್ ಡೇಟಾಬೇಸ್, ತಿಂಗಳುವಾರು ಭಾಗ ಮಾಡಿದ ಟೇಬಲ್ ಇಟ್ಟುಕೊಂಡು, ಬೆವರದೆ ಹೊರುತ್ತದೆ. ಅಲ್ಲಿ ಜಾಗ ಇನ್ನಷ್ಟು ಹಿಡಿದು ಇಂಡೆಕ್ಸ್ ಸೇರಿ ನೂರು ಜಿಬಿ ಆಸುಪಾಸು ಆದರೂ, ಅದರ ಒಂದು ಟೇಬಲ್‌ನ ಮಿತಿ 32 ಟಿಬಿ. ಜೊತೆಗೆ ಒಂದು ಸ್ಟ್ಯಾಂಡ್‌ಬೈ ಯಂತ್ರ ಇಟ್ಟರೆ ಆರರ ಬದಲು ಎರಡರಲ್ಲಿ ಸಂಸಾರ ನಡೆಯುತ್ತದೆ. ಒಂದು ಯಂತ್ರ ಬಿದ್ದರೂ ಬರಹ ಒಂದು ಕ್ಷಣವೂ ನಿಲ್ಲಬಾರದು ಎಂಬ ಕಾರಣಕ್ಕೆ ಕಸಾಂಡ್ರ ಆರಿಸಿದ್ದರೆ ಅದು ಒಪ್ಪುವ ಮಾತು, ಇಟ್ಟುಕೊಳ್ಳಿ. ದೊಡ್ಡವರು ಬಳಸುತ್ತಾರೆ ಎಂದು ಆರಿಸಿದ್ದರೆ ಈ ಬಾರಿ ಟೇಬಲ್ ಹೇಗಿದ್ದರೂ ಕೆಡವಿ ಕಟ್ಟುತ್ತಿದ್ದೀರಿ, ಇನ್ನೊಮ್ಮೆ ಯೋಚಿಸಲು ಇದೇ ಹೊತ್ತು.

ಕಸಾಂಡ್ರದಲ್ಲಿಯೇ ಉಳಿಯುವುದಾದರೆ ಕೆಲಸದ ಕ್ರಮ ಹೀಗಿರಲಿ. ಮೊದಲು ತುಂಬಿದ ಮೂರು ಯಂತ್ರಗಳಲ್ಲಿ ‘ನೋಡ್‌ಟೂಲ್ ಲಿಸ್ಟ್‌ಸ್ನ್ಯಾಪ್‌ಶಾಟ್ಸ್’ ಓಡಿಸಿ. ಯಾವಾಗಲೋ ತೆಗೆದು ಮರೆತ ಸ್ನ್ಯಾಪ್‌ಶಾಟ್‌ಗಳು, ಅಂದರೆ ಆ ಹೊತ್ತಿನ ಡೇಟಾದ ಪ್ರತಿಗಳು, ಇದ್ದರೆ ಅಲ್ಲಿಯೇ ಒಂದಷ್ಟು ಜಾಗ ಸಿಗುತ್ತದೆ. ಸಿಗದಿದ್ದರೆ ಆ ಮೂರಕ್ಕೆ ಮಾತ್ರ ಒಂದೊಂದು ಡಿಸ್ಕ್ ಸೇರಿಸಿ, ಡೇಟಾ ಡೈರೆಕ್ಟರಿಗಳ ಪಟ್ಟಿಯಲ್ಲಿ ಅದರ ದಾರಿಯನ್ನೂ ಬರೆದು ಯಂತ್ರವನ್ನು ಮತ್ತೆ ಚಾಲೂ ಮಾಡಿ. ಅದು ಎರಡು ಯಂತ್ರಗಳಿಗಿಂತ ಅಗ್ಗ. ಆಮೇಲೆ ಹೊಸ ಟೇಬಲ್‌ಗಳನ್ನು ಕಟ್ಟಿ, ಬರುವ ಅಂಕಿಗಳನ್ನು ಹಳೆಯದಕ್ಕೂ ಹೊಸದಕ್ಕೂ ಬರೆಯಲು ಶುರುಮಾಡಿ. ಹೊಸ ಫೋಟೊಗಳು ಮಾತ್ರ ಅಂದಿನಿಂದಲೇ ಹೊರಗೆ.

ಹಳೆಯ ಡೇಟಾ ಸಾಗಿಸುವಾಗ ನಿಮ್ಮ ಕ್ಲಸ್ಟರಿಂಗ್ ಕ್ರಮ ಒಂದು ಉಪಕಾರ ಮಾಡುತ್ತದೆ. ಸಮಯ ಮೊದಲಿದೆ, ಆದ್ದರಿಂದ ಒಂದು ತಾಲ್ಲೂಕಿನ ಒಂದು ದಿನವನ್ನು ತುಂಡಾಗಿ ಓದಬಹುದು. ಹೊಸದರಿಂದ ಹಳೆಯದರತ್ತ ದಿನ ದಿನವಾಗಿ ನಡೆಯಿರಿ. ಇಡೀ ಪಾರ್ಟಿಶನ್ನಿನ ಎಣಿಕೆ ಕೇಳುವ ಕ್ವೆರಿ ಹಾಕಬೇಡಿ, ಅದು ಮುಗಿಯುವುದಿಲ್ಲ. ದಿನದ ತುಂಡಿನಲ್ಲಿ ಓದಿದ ಸಾಲುಗಳನ್ನು ಎಣಿಸಿ ಹೊಸ ಟೇಬಲ್‌ನ ಎಣಿಕೆಗೆ ತಾಳೆ ಹಾಕಿ. ಸಾಗಿಸುವ ಸಾಲುಗಳಿಗೆ ಆಯುಸ್ಸು ಪೂರ್ತಿ ಎರಡು ವರ್ಷ ಸಿಗದಂತೆ, ಉಳಿದ ದಿನಗಳಷ್ಟನ್ನೇ ಲೆಕ್ಕ ಹಾಕಿ ಕೊಡಿ. ಬರೆದ ಹೊತ್ತನ್ನೂ ಮೂಲ ಸಮಯಕ್ಕೆ ಸರಿಯಾಗಿ ಕೊಡಿ; ಆದರೂ ಹೊಸ ಅಂಕಿಗಳ ಜೊತೆ ಒಂದೇ ಫೈಲಿಗೆ ಇಳಿದ ಹಳೆಯ ಸಾಲುಗಳು ಆ ಫೈಲಿನ ಹೊಸ ಕಿಟಕಿಯಲ್ಲಿಯೇ ಉಳಿಯುತ್ತವೆ.

ಎಲ್ಲ ಸಾಗಿದ ಮೇಲೆ ಹಳೆಯ ಟೇಬಲ್‌ನಲ್ಲಿ ಸಾಲುಗಳನ್ನು ಅಳಿಸಲು ಕೂರಬೇಡಿ. ಅಳಿಸಿದ ಗುರುತುಗಳು ಹತ್ತು ದಿನ ಹಾಗೇ ಇರುತ್ತವೆ, ಆ ಬಳಿಕವೂ ಜಾಗ ಬಿಡಲು ಕಂಪ್ಯಾಕ್ಷನ್ ನಡೆಯಬೇಕು, ಅದಕ್ಕೇ ನಿಮ್ಮಲ್ಲಿ ಜಾಗವಿಲ್ಲ. ಟೇಬಲ್ಲನ್ನೇ ಡ್ರಾಪ್ ಮಾಡಿ. ಮಾಡಿದ ಮೇಲೆ ಡಿಸ್ಕ್ ನೋಡಿದರೆ ಒಂದು ಜಿಬಿಯೂ ಕಡಿಮೆಯಾಗಿರುವುದಿಲ್ಲ, ಗಾಬರಿ ಬೇಡ. ಡ್ರಾಪ್ ಮಾಡುವ ಮುಂಚೆ ಕಸಾಂಡ್ರ ತಾನಾಗಿಯೇ ಒಂದು ಸ್ನ್ಯಾಪ್‌ಶಾಟ್ ತೆಗೆದಿಡುತ್ತದೆ. ಹೊಸ ಟೇಬಲ್‌ಗಳ ಮೇಲೆ ಒಂದು ವಾರ ಕೆಲಸ ಮಾಡಿ, ಸಲಹೆಗಾರರೂ ಕಚೇರಿಯವರೂ ಅಂಕಿಗಳು ಸರಿಯಿವೆ ಎಂದ ಮೇಲೆ ಆರೂ ಯಂತ್ರಗಳಲ್ಲಿ ‘ನೋಡ್‌ಟೂಲ್ ಕ್ಲಿಯರ್‌ಸ್ನ್ಯಾಪ್‌ಶಾಟ್’ ಆಜ್ಞೆಯನ್ನು ‘--all’ ಸೇರಿಸಿ ಓಡಿಸಿ. ಡಿಸ್ಕ್ ಖಾಲಿಯಾಗುವುದು ಆಗ. ರಿಪೇರ್ ಮತ್ತೆ ಶುರುಮಾಡುವುದೂ ಅದಾದ ಮೇಲೆಯೇ, ಹತ್ತು ದಿನದೊಳಗೆ ಒಂದು ಸುತ್ತು ಮುಗಿಯುವಂತೆ.